ಪಟ ಮೂಳೆಗಿಳಿಯುವ ಮೊದಲು

ಗಂಡನ ಹೆಣದ ಮುಂದೆ ನಾನು ನಗುತ್ತಾ ನಿಂತಿದ್ದೆ. ಮೇಲಿನ ಸಾಲಿನ ಹಲ್ಲುಗಳೆಲ್ಲ ಕಾಣುವಂಥ, ಎಡಗೆನ್ನೆಯಲ್ಲಿ ಗುಳಿ ಬೀಳುವಂಥ ನಗು. ನಮ್ಮ ಊರಿನಲ್ಲಿ ಅದನ್ನು ಯಾರೂ ತಪ್ಪು ತಿಳಿಯಲಿಲ್ಲ. ಬಂದವರು ನನ್ನ ಮುಖ ನೋಡದೆ ಕೈಗಳನ್ನು ನೋಡಿದರು. ಕೈ ನಡುಗುತ್ತಿರಲಿಲ್ಲ. ಅದರ ಬಗ್ಗೆ ಕೆಲವರು ಮಾತಾಡಿಕೊಂಡರು ಎಂದು ಆಮೇಲೆ ಗೊತ್ತಾಯಿತು.

ಇಲ್ಲಿ ಹದಿನೆಂಟು ತುಂಬಿದ ಪ್ರತಿಯೊಬ್ಬರಿಗೂ ಒಂದು ಪುಟ ಇರುತ್ತದೆ. ಫೋನಿನಲ್ಲಿ ತೆರೆದರೆ ಹೆಸರು, ಓದು, ಮಾಡಿದ ಕೆಲಸ, ದಿನದಿನದ ಬರಹ, ಎಲ್ಲಕ್ಕೂ ಮೇಲೆ ಒಂದು ಪಟ. ಪಟ ಹಾಕಿ ಮುಖ ತೊಳೆದರೆ ಅದೇ ಮುಖ ಬಂದು ಕೂರುತ್ತದೆ. ಮತ್ತೆ ಪಟ ತೆಗೆದು ಮುಖ ತೊಳೆಯುವವರೆಗೆ ಅದು ಕದಲುವುದಿಲ್ಲ. ಊಟ ಮಾಡಬಹುದು, ಮಾತಾಡಬಹುದು, ನಿದ್ದೆ ಮಾಡಬಹುದು. ತುಟಿ, ಕಣ್ಣು ತಮ್ಮ ಕೆಲಸ ಮುಗಿಸಿ ಪಟಕ್ಕೆ ಮರಳುತ್ತವೆ. ಬಸ್ ಕಂಡಕ್ಟರುಗಳು ಹುಬ್ಬು ಗಂಟಿಕ್ಕಿದ ಪಟ ಇಟ್ಟುಕೊಳ್ಳುತ್ತಾರೆ. ಮದುವೆಯ ಹೆಣ್ಣು ಗಂಡು ಮೂರು ದಿನದ ಮಟ್ಟಿಗೆ ನಾಚಿಕೆಯ ಪಟ ಹಾಕಿಕೊಳ್ಳುತ್ತಾರೆ. ನಿವೃತ್ತರಾದವರು ಪಟವನ್ನೇ ತೆಗೆದುಬಿಡುತ್ತಾರೆ. ಅದಕ್ಕೆ ಬಿಡುಮುಖ ಎನ್ನುತ್ತೇವೆ. ಮನಸ್ಸಿನಲ್ಲಿದ್ದದ್ದೆಲ್ಲ ಮುಖದ ಮೇಲೆ ಓಡಾಡುವ ಮುದುಕರ ಎದುರು ಬಸ್ಸಿನಲ್ಲಿ ಕೂರುವುದೆಂದರೆ ಹರೆಯದವರಿಗೆ ಮುಜುಗರ.

ಒಂದೇ ಪಟ ವರ್ಷ ತುಂಬುವಷ್ಟು ಕಾಲ ಇದ್ದರೆ ಮೂಳೆಗಿಳಿಯುತ್ತದೆ. ಆಮೇಲೆ ಪಟ ತೆಗೆದರೂ, ಎಷ್ಟು ತೊಳೆದರೂ ಹೋಗುವುದಿಲ್ಲ. ಅಂಚೆ ಕಚೇರಿಯ ಕೌಂಟರಿನಲ್ಲಿ ಆಶ್ಚರ್ಯದ ಮುಖದವರೊಬ್ಬರಿದ್ದಾರೆ. ಬದಲಿಸಲು ಮರೆತರಂತೆ. ಇಪ್ಪತ್ತು ವರ್ಷದಿಂದ ಅವರು ಪ್ರತಿಯೊಂದು ಲಕೋಟೆಯನ್ನೂ ಕಣ್ಣರಳಿಸಿ ನೋಡುತ್ತಾರೆ. ಅವರ ಹೆಂಡತಿ ಹೋದಾಗಲೂ ಹಾಗೇ ನೋಡಿದರಂತೆ.

ಚಿಕ್ಕ ಮಕ್ಕಳಿರುವ ಮನೆಯಲ್ಲಿ ಯಾರಾದರೊಬ್ಬರು ಬಿಡುಮುಖದಲ್ಲಿರಬೇಕು. ಕಾನೂನಲ್ಲ, ರೂಢಿ. ಐದಾರು ವರ್ಷದವರೆಗೆ ಮಗು ಮಾತಿಗಿಂತ ಮುಖವನ್ನೇ ನಂಬುತ್ತದೆ. ಆ ಯಾರಾದರೊಬ್ಬರು ಸಾಮಾನ್ಯವಾಗಿ ತಾಯಿ. ಚುಕ್ಕಿ ಹುಟ್ಟಿದಾಗ ನಾನು ಪಟ ತೆಗೆದೆ. ಅದಕ್ಕೆ ಮೊದಲು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ನೀರು ಪರೀಕ್ಷೆ ಮಾಡುವ ಪ್ರಯೋಗಾಲಯವೊಂದರಲ್ಲಿ ಎರಡು ವರ್ಷ ಕೆಲಸ ಮಾಡಿದ್ದೆ. ಪಟವಿಲ್ಲದ ಪುಟವನ್ನು ಯಾವ ಕಂಪನಿಯೂ ತೆರೆದು ನೋಡುವುದಿಲ್ಲ. ಮೂರು ವರ್ಷ ನನ್ನ ಪುಟದಲ್ಲಿ ಮುಖವಿರಬೇಕಾದ ಜಾಗದಲ್ಲಿ ಬೂದುಬಣ್ಣದ ಒಂದು ವೃತ್ತವಿತ್ತು.

ಚುಕ್ಕಿಗೆ ಮೂರು ತುಂಬಿದಾಗ ನನ್ನ ಗಂಡ ಮುಕುಂದನೇ ಮಾತು ತೆಗೆದ. ಅವನು ನೂಲಿನ ಗಿರಣಿಯಲ್ಲಿ ಯಂತ್ರ ರಿಪೇರಿ ವಿಭಾಗದಲ್ಲಿದ್ದ.

"ನಾನು ಪಟ ತೆಗೀತೀನಿ, ನೀನು ಹಾಕ್ಕೋ. ನನ್ನ ಮೂತಿ ನೋಡಿ ಆ ಮೆಷಿನ್ನಿಗೇನು ಆಗ್ಬೇಕಾಗಿದೆ?"

"ನಿಂಗೆ ಬಿಡುಮುಖ ಚೆನ್ನಾಗಿ ಕಾಣಲ್ಲ," ಎಂದೆ.

"ನಿಂಗೆ ಮೂರು ವರ್ಷ ಚೆನ್ನಾಗಿತ್ತಾ? ನಾನೇನಾದ್ರೂ ಅಂದ್ನಾ?"

ಸ್ಟುಡಿಯೋಗೆ ಅವನೂ ಬಂದ. ನನಗೆ ತುಟಿ ಮುಚ್ಚಿದ, ಗಂಭೀರವಾದ ಪಟ ಬೇಕಿತ್ತು. ಬಶೀರ್ ಸಾಹೇಬರು ಕ್ಯಾಮೆರಾ ಸರಿಮಾಡಿಕೊಳ್ಳುತ್ತಿದ್ದಾಗ ಮುಕುಂದ ಅವರ ಬೆನ್ನ ಹಿಂದೆ ನಿಂತು, ನಮ್ಮ ಮದುವೆಯಲ್ಲಿ ಮಣೆ ಮುರಿದು ಬಿದ್ದ ಪುರೋಹಿತರು ಮಂತ್ರ ನಿಲ್ಲಿಸದೆ ಎದ್ದದ್ದನ್ನು ಮಾಡಿ ತೋರಿಸಿದ. ಅಷ್ಟರಲ್ಲಿ ಫೋಟೋ ಬಿತ್ತು. ಇನ್ನೊಂದು ತೆಗೆಯಿರಿ ಎಂದೆ. "ಇದಕ್ಕಿಂತ ಒಳ್ಳೇದು ಬರಲ್ಲ ಮೇಡಂ," ಎಂದರು ಬಶೀರ್ ಸಾಹೇಬರು. ಅದನ್ನೇ ಹಾಕಿದೆ.

ಪಟ ಹಾಕಿದ ಐವತ್ತಮೂರನೆಯ ದಿನ ಮುಕುಂದ ಗಿರಣಿಯ ಬಸ್ಸಿಗೆ ಕಾಯುತ್ತಾ ಕೂತಲ್ಲೇ ಹೋದ. ಮೂವತ್ತಮೂರು ವರ್ಷ. ಬಸ್ಸು ಬಂದು, ಹತ್ತುವವರು ಹತ್ತಿ, ಹೊರಟ ಮೇಲೂ ಅವನು ಎದ್ದಿರಲಿಲ್ಲ. ಆಸ್ಪತ್ರೆಯಲ್ಲಿ ನೋಡಿದೆ. ಬಿಡುಮುಖದಲ್ಲಿದ್ದ. ಯಾರೋ ಹೇಳುತ್ತಿರುವುದನ್ನು ಕೇಳಿಸಿಕೊಳ್ಳುತ್ತಿರುವವನ ಮುಖ.

ಹೆಣ ಮನೆಗೆ ತಂದಾಗ ಅತ್ತೆ ಬಚ್ಚಲಿನ ಬಾಗಿಲು ತೋರಿಸಿ, "ಹೋಗು, ಅದನ್ನ ತೊಳ್ಕೊಂಡು ಬಾ," ಎಂದರು. ನಾನು ಹೋಗಿ ಕಾಲು ತೊಳೆದುಕೊಂಡು ಬಂದೆ.

ಕಾರಣ ಹೇಳಬಲ್ಲೆ. ಹನ್ನೊಂದು ಕಡೆ ಅರ್ಜಿ ಹಾಕಿದ್ದೆ. ಅರ್ಜಿ ಹಾಕಿದವರು ಪಟ ತೆಗೆದರೆ ಪುಟದ ಮೇಲೆ ಕೆಂಪಕ್ಷರದಲ್ಲಿ 'ಮುಖ ಬದಲಾಗಿದೆ' ಎಂದು ಬರುತ್ತದೆ. ಅರ್ಜಿ ಸಾಲಿನ ಕೊನೆಗೆ ಹೋಗುತ್ತದೆ. ನಾವಿದ್ದದ್ದು ಗಿರಣಿಯ ಮನೆ. ದುಡಿಯುವವನು ಹೋದ ಮೇಲೆ ವರ್ಷದೊಳಗೆ ಖಾಲಿ ಮಾಡಬೇಕು. ಇದೆಲ್ಲ ಆ ಬಚ್ಚಲಲ್ಲಿ ನಿಂತಾಗಲೇ ನನಗೆ ಗೊತ್ತಿತ್ತು. ಇದರ ಜೊತೆಗೆ ಇನ್ನೊಂದು ಇತ್ತು. ಆ ಮುಖ ಅವನು ಮಾಡಿಸಿದ್ದು. ತೊಳೆದರೆ ನೀರಿನಲ್ಲಿ ಹೋಗುತ್ತಿತ್ತು.

ಬೇರೆ ಮನೆಯಲ್ಲಿದ್ದ ಅತ್ತೆ ಆಮೇಲೆ ನಮ್ಮ ಜೊತೆಗೇ ಉಳಿದರು, ಆದರೆ ಅಂದಿನಿಂದ ನನ್ನ ಮುಖ ನೋಡಿ ಮಾತಾಡಲಿಲ್ಲ. ಭುಜ ನೋಡಿ ಮಾತಾಡುತ್ತಿದ್ದರು. ಅವರು ಶಾಲೆಯ ಟೀಚರಾಗಿ ನಿವೃತ್ತರಾದವರು. ಹತ್ತು ವರ್ಷದಿಂದ ಬಿಡುಮುಖ. ಮಗನ ಸಾವು ಅವರ ಮುಖದಲ್ಲಿ ಬೆಳಗಿನಿಂದ ಸಂಜೆಯವರೆಗೆ ಇರುತ್ತಿತ್ತು. ಸಾರಿಗೆ ಹುಣಸೆಹುಳಿ ಕಿವುಚುವಾಗ ಸ್ವಲ್ಪ ಸರಿಯುತ್ತಿತ್ತು, ಮತ್ತೆ ಬರುತ್ತಿತ್ತು. ಮನೆಯಲ್ಲಿ ಚುಕ್ಕಿ ಓದಬಹುದಾದ ಮುಖ ಅದೊಂದೇ.

ಒಂದು ದಿನ ಅವಳು ಎದುರುಮನೆಯ ಗಿರಿಜಮ್ಮನಿಗೆ ಹೇಳುತ್ತಿದ್ದುದು ಕೇಳಿಸಿತು. "ಅಪ್ಪ ಸತ್ತೋಯ್ತಲ್ಲ, ಅಜ್ಜಿಗೆ ಬೇಜಾರು. ಅಮ್ಮಂಗೆ ಖುಷಿ."

"ಹಂಗನ್ಬಾರ್ದು ಪುಟ್ಟಿ. ಅಮ್ಮಂದು ಪಟ ಅದು," ಎಂದರು ಗಿರಿಜಮ್ಮ.

"ಹೂಂ. ಖುಷಿ ಪಟ."

ನನ್ನ ನಗು ಅವಳಿಗೆ ಒಂದೇ ಅರ್ಥ ಕೊಡುತ್ತಿತ್ತು: ಅಮ್ಮ ಹಿಡಿಯೋಕೆ ಬರುತ್ತಿದ್ದಾಳೆ, ಓಡು. ಔಷಧಿಯ ಚಮಚ ಹಿಡಿದು ಹೋದರೆ ಓಡುತ್ತಿದ್ದಳು. ಚಪ್ಪಲಿ ಕಚ್ಚುತ್ತಿದ್ದವಳನ್ನು ಗದರಲು ಹೋದರೆ ಕಿಲಕಿಲ ನಗುತ್ತಾ ಎರಡೂ ಭುಜ ಕಿವಿಯವರೆಗೆ ಏರಿಸಿ, ಹಿಂದೆ ಹಿಂದೆ ಹೆಜ್ಜೆಯಿಟ್ಟು, ಆಮೇಲೆ ತಿರುಗಿ ಓಟ. ಅತ್ತೆ ಬಾಗಿಲಲ್ಲಿ ಬಂದು ನಿಂತರೆ ಸಾಕು, ನಿಲ್ಲುತ್ತಿದ್ದಳು.

ಹನ್ನೊಂದು ಅರ್ಜಿಗಳಲ್ಲಿ ಒಂಬತ್ತಕ್ಕೆ ಇಲ್ಲ ಎಂದು ಬಂತು. ಎರಡು ಮೌನವಾಗಿದ್ದವು. ಸೊಸೈಟಿ ಅಂಗಡಿಯ ಮಹಡಿಯ ಮೇಲೆ ಜಲಜಾಕ್ಷಿ ಮೇಡಂ ಎನ್ನುವವರು ಪುಟ ತಿದ್ದುವ ತರಗತಿ ನಡೆಸುತ್ತಿದ್ದರು. ಅಲ್ಲಿಗೆ ಹೋಗಲು ಶುರುಮಾಡಿದೆ. ನಾವು ಎಂಟು ಜನ. ಎಲ್ಲರ ದವಡೆಯಂಚಿನಲ್ಲೂ ಸಣ್ಣ ಹಸಿರು ಗೆರೆ. ಕೆಲಸ ಬೇಕಾಗಿದೆ ಎಂದು ಪುಟದಲ್ಲಿ ಗುರುತು ಹಾಕಿದವರಿಗೆ ಅದು ಮೂಡುತ್ತದೆ. ಬೀದಿಯಲ್ಲಿ ಹೋಗುವಾಗ ನಾನು ಸೆರಗಿನಿಂದ ಮುಚ್ಚಿಕೊಳ್ಳುತ್ತಿದ್ದೆ. ಆದರೂ ತರಕಾರಿಯವಳು ಕೇಳುತ್ತಿದ್ದಳು, "ಗೆರೆ ಇನ್ನೂ ಹೋಗ್ಲಿಲ್ವಾ ಅಕ್ಕಾ?"

ಜಲಜಾಕ್ಷಿ ಮೇಡಂ ಅವರ ಪಟದಲ್ಲಿ ಎಲ್ಲವನ್ನೂ ಮೆಚ್ಚುವ ಮುಖವಿತ್ತು. ಅದನ್ನಿಟ್ಟುಕೊಂಡೇ ಬೈಯುತ್ತಿದ್ದರು.

"ದಿನಕ್ಕೊಂದು ಬರಹ. ಹಬ್ಬ ಆಗಲಿ, ಜ್ವರ ಬರಲಿ. ಮೂರು ದಿನ ಬರೀಲಿಲ್ಲ ಅಂದ್ರೆ ಸತ್ತಿದೀರ ಅನ್ಕೋತಾರೆ. ಏನ್ರೀ, ನಿಮ್ಮದು ನಿನ್ನೆ ಏನಿದು? 'ಇಂದು ಕ್ಲೋರಿನ್ ಕುರಿತು ಓದಿದೆ.' ಅಷ್ಟೇನಾ?"

"ಅಷ್ಟೇ ಓದಿದ್ದು ಮೇಡಂ."

ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಮುಖಗಳಿಂದ ಯಾರೆಂದು ತಿಳಿಯುವಂತಿರಲಿಲ್ಲ. ಎಲ್ಲರೂ ನಗುತ್ತಲೇ ಇದ್ದರು.

ತರಗತಿ ಮುಗಿದ ಮೇಲೆ ಅವರು ನನ್ನನ್ನು ನಿಲ್ಲಿಸಿಕೊಂಡರು. ನನ್ನ ಪುಟವನ್ನು ಮೇಲಿನಿಂದ ಕೆಳಗೆ ಜಾರಿಸಿ ನೋಡಿದರು. "ಹರಿಣಿ, ಇಷ್ಟು ಒಳ್ಳೆ ಪಟ. ಒಂದು ಮುಕ್ಕಿಲ್ಲ. ನಿಮ್ಮ ಯಜಮಾನ್ರು ಹೋದ ದಿನಾನೂ ಇದೇ ಇತ್ತಾ?"

"ಇತ್ತು."

"ತೆಗೀಲಿಲ್ವಾ?"

"ಇಲ್ಲ."

"ಮತ್ತೆ ಅದನ್ನ ಯಾಕೆ ಬರ್ದಿಲ್ಲ?"

ನಾನು ಚೀಲ ಹೆಗಲಿಗೇರಿಸಿಕೊಂಡೆ.

"ನೋಡಮ್ಮಾ, ಹೊಟ್ಟೆಗೆ ಹಿಟ್ಟು ಬೇಕು ಅಂದ್ರೆ ಸಂಕೋಚ ಬಿಡಬೇಕು. ನಾನೂ ಬಿಟ್ಟಿದೀನಿ. ನಂಗೇನು ಈ ಮೆಟ್ಟಿಲು ಹತ್ತಿ ನಿಮಗೆಲ್ಲ ಪಾಠ ಹೇಳೋದು ಚಟಾನಾ?" ಅವರ ಮುಖ ಮೆಚ್ಚುತ್ತಲೇ ಇತ್ತು. ಬೆರಳುಗಳು ಮಾತ್ರ ಮೇಜಿನ ಮೇಲೆ ಒಂದನ್ನೊಂದು ಹಿಸುಕುತ್ತಿದ್ದವು.

ಮರುದಿನ ಬರೆದೆ. 'ಹತ್ತು ತಿಂಗಳ ಹಿಂದೆ ನನ್ನ ಪತಿ ತೀರಿಕೊಂಡರು. ಆ ದಿನವೂ ನಾನು ಮುಖ ಬದಲಿಸಲಿಲ್ಲ. ಕೆಲಸದ ಬದ್ಧತೆ ಎಂದರೆ ಏನೆಂದು ನನಗೆ ಅಂದು ತಿಳಿಯಿತು.' ಹನ್ನೊಂದು ನಿಮಿಷ ಹಿಡಿಯಿತು. ಆಮೇಲೆ ಅನ್ನಕ್ಕೆ ಮಜ್ಜಿಗೆ ಹಾಕಿಕೊಂಡು ಉಂಡೆ.

ಸಂಜೆಯ ಹೊತ್ತಿಗೆ ನಾಲ್ಕು ಸಾವಿರ ಜನ ಮೆಚ್ಚಿದ್ದರು. 'ಸ್ಫೂರ್ತಿ.' 'ತಲೆಬಾಗುವೆ.' 'ಇಂಥವರು ನಮ್ಮ ತಂಡಕ್ಕೆ ಬೇಕು.' ಅದೇ ದಿನ ಪುಟ ನನಗೆ ಇನ್ನೊಂದು ವಿಷಯ ನೆನಪಿಸಿತು: ಮುಕುಂದರು ಗಿರಣಿಯಲ್ಲಿ ಎಂಟು ವರ್ಷ ಪೂರೈಸಿದ್ದಾರೆ, ಅಭಿನಂದಿಸಿ. ಅವನ ಪುಟವನ್ನು ಯಾರೂ ಮುಚ್ಚಿರಲಿಲ್ಲ. ತೆರೆದೆ. ಬೂದು ವೃತ್ತ. ಅದರ ಕೆಳಗೆ ಇಪ್ಪತ್ತೆಂಟು ಜನ ಅಭಿನಂದಿಸಿದ್ದರು. ಅವರಲ್ಲಿ ಇಬ್ಬರು ಅವನ ಚಟ್ಟ ಹೊತ್ತವರು. ಗಮನಿಸದೆ ಒತ್ತಿರಬೇಕು. ಫೋನನ್ನು ಅಕ್ಕಿಡಬ್ಬದಲ್ಲಿಟ್ಟು ಮುಚ್ಚಳ ಹಾಕಿದೆ.

ಎರಡು ದಿನದ ಮೇಲೆ ಅತ್ತೆ ಹೂಕೋಸು ಬಿಡಿಸುತ್ತಾ, ನನ್ನ ಭುಜ ನೋಡಿಕೊಂಡು ಮಾತು ತೆಗೆದರು. "ಗಿರಿಜ ಓದಿ ಹೇಳಿದ್ಲು. ನೀನು ಬರ್ದಿದ್ದು."

"ಹೂಂ."

"ನನ್ನ ಮಗ ಹೋಗಿದ್ದು ನಿಂಗೆ ಬದ್ಧತೆ ಕಲಿಸೋಕಾ?"

"ಅಲ್ಲ ಅತ್ತೆ."

"ಮತ್ತೆ?"

"ಬರೆದ್ರೆ ಕೆಲಸ ಸಿಗುತ್ತೆ ಅಂದ್ರು."

ಅವರ ಮುಖದಲ್ಲಿ ಏನೇನೋ ಬಂದು ಹೋಯಿತು. ನಾನು ನೆಲ ನೋಡಿದೆ. ಹೂಕೋಸಿನ ಇನ್ನೊಂದು ತುಂಡು ಮುರಿದು ಕೇಳಿದರು, "ಸಿಕ್ತಾ?"

"ನಾಳಿದ್ದು ಕರೆದಿದಾರೆ. ನೀರಿನ ಕಂಪನಿ."

"ಆ ನೀಲಿ ಸೀರೆ ಇಸ್ತ್ರಿ ಮಾಡಿಟ್ಕೋ. ಸುಕ್ಕು ಸುಕ್ಕಾಗಿ ಹೋಗ್ಬೇಡ," ಎಂದು ಎದ್ದು ಹೋದರು.

ಕಂಪನಿಯ ಕಟ್ಟಡ ಊರಿನ ಅಂಚಿನಲ್ಲಿತ್ತು. ಅರ್ಧ ಊರಿಗೆ ಅವರದೇ ನೀರು. ಕೋಣೆಯಲ್ಲಿ ಮೂವರು ಕೂತಿದ್ದರು, ಇಬ್ಬರು ಗಂಡಸರು, ಒಬ್ಬ ಹೆಂಗಸು. ಮೂವರದೂ ಕಂಪನಿ ಕೊಟ್ಟ ಪಟ. ತಲೆ ಸ್ವಲ್ಪ ಬಲಕ್ಕೆ ವಾಲಿಸಿ ನಮ್ಮ ಮಾತನ್ನು ಬಹಳ ಸಹಾನುಭೂತಿಯಿಂದ ಕೇಳುವ ಮುಖ. ಒಂದೇ ಕೋನಕ್ಕೆ ವಾಲಿದ ಮೂರು ತಲೆಗಳು. ನಾನು ಪ್ರಯೋಗಾಲಯದ ಬಗ್ಗೆ ತಯಾರಾಗಿ ಹೋಗಿದ್ದೆ. ಅದರ ಬಗ್ಗೆ ಯಾರೂ ಕೇಳಲಿಲ್ಲ.

"ನಿಮ್ಮ ಬರಹ ಓದಿದ್ವಿ," ಎಂದರು ನಡುವೆ ಕೂತವರು. "ಎದ್ದು ಬೆಳಕಿಗೆ ಬನ್ನಿ. ಕಿಟಕಿ ಹತ್ರ."

ಹೋದೆ. ಹೆಂಗಸು ಹತ್ತಿರ ಬಂದು, ಬಟ್ಟೆ ಅಂಗಡಿಯಲ್ಲಿ ಸೆರಗಿನ ನೇಯ್ಗೆ ನೋಡುವಂತೆ ನನ್ನ ಕೆನ್ನೆಯನ್ನು ನೋಡಿದರು.

"ಇದು ಸ್ಟುಡಿಯೋದಲ್ಲಿ ಹೇಳಿ ಮಾಡಿಸಿದ ನಗು ಅಲ್ಲ ಅನ್ಸುತ್ತೆ," ಎಂದರು.

"ಅಲ್ಲ."

"ಕಣ್ಣಿನವರೆಗೂ ಇದೆ ಸಾರ್. ಇಂಥದ್ದು ಸಿಗಲ್ಲ."

ನಡುವಿನವರು ಕೆಲಸ ವಿವರಿಸಿದರು. ಪ್ರಯೋಗಾಲಯದಲ್ಲಲ್ಲ, ಬಡಾವಣೆಗಳಲ್ಲಿ. ಯಾರಾದರೂ ನೀರಿನ ಬಣ್ಣದ ಬಗ್ಗೆ, ವಾಸನೆಯ ಬಗ್ಗೆ ದೂರು ಕೊಟ್ಟರೆ, ಮನೆಯಲ್ಲಿ ಯಾರಿಗಾದರೂ ಹೊಟ್ಟೆ ಕೆಟ್ಟರೆ, ಪರೀಕ್ಷೆಯ ವರದಿ ಹಿಡಿದುಕೊಂಡು ಹೋಗಿ ಓದಿ ಹೇಳಬೇಕು.

"ವರದಿಯಲ್ಲಿ ಕೆಟ್ಟದ್ದಿದ್ದರೆ?" ಎಂದೆ.

"ಇದ್ದದ್ದನ್ನೇ ಓದಿ. ಸುಳ್ಳು ಹೇಳಿ ಅಂತ ನಾವು ಯಾವತ್ತೂ ಅನ್ನಲ್ಲ. ನೀವು ಓದಿದ್ರೆ ಜನ ಹೆದರಲ್ಲ. ನಮಗೆ ಬೇಕಾಗಿರೋದು ಅಷ್ಟೇ."

ಅವರ ತಲೆ ಸಹಾನುಭೂತಿಯಿಂದ ವಾಲಿತ್ತು. ಕಂಪನಿ ಮನೆ ಕೊಡುತ್ತದೆ ಎಂದರು. ಎರಡು ಕೋಣೆ, ಹತ್ತಿರದಲ್ಲೇ ಶಾಲೆ. ಒಂದು ಪತ್ರವಿದೆ, ಮುಖ ಖಾತರಿ ಪತ್ರ, ಪುಟಕ್ಕೆ ಕಳಿಸುತ್ತೇವೆ, ಶುಕ್ರವಾರ ಐದು ಗಂಟೆಯೊಳಗೆ ಒಪ್ಪಿಗೆ ಒತ್ತಬೇಕು ಎಂದರು. ಕೆಲಸದಲ್ಲಿರುವವರೆಗೆ ಪಟ ಬದಲಿಸುವಂತಿಲ್ಲ.

"ನಿಮ್ಮದು ಇನ್ನು ಹತ್ತು ದಿನಕ್ಕೆ ವರ್ಷ ಅಲ್ವಾ?" ಎಂದರು ಹೆಂಗಸು. "ಹನ್ನೊಂದನೇ ದಿನ ಬಂದು ಸೇರ್ಕೊಳ್ಳಿ. ಇಬ್ಬರಿಗೂ ನಿಶ್ಚಿಂತೆ."

ಮನೆಗೆ ಬಂದು ಅತ್ತೆಗೆ ಹೇಳಿದೆ. ಪತ್ರದ ವಿಷಯವನ್ನೂ ಹೇಳಿದೆ. ಅವರು ಬಹಳ ಹೊತ್ತು ಚುಕ್ಕಿಯ ತಲೆ ಬಾಚಿದರು. ಜಡೆ ಹಾಕಿ, ಬಿಚ್ಚಿ, ಮತ್ತೆ ಹಾಕಿದರು. "ನಂಗೆ ಎಪ್ಪತ್ತಾಯ್ತು," ಎಂದರು ಕೊನೆಗೆ. "ಇವಳಿಗೆ ನೋಡೋಕೆ ಒಂದು ಮುಖ ಬೇಕು. ಇರೋಕೆ ಒಂದು ಮನೇನೂ ಬೇಕು. ನೀನು ಓದ್ದೋಳು, ನಾನೇನು ಹೇಳಲಿ."

ಶುಕ್ರವಾರದವರೆಗಿನ ಆ ನಾಲ್ಕು ದಿನ ನನಗೆ ಭಯವಿತ್ತು. ಪಟ ಮೂಳೆಗಿಳಿದರೆ ಎಂಬ ಭಯ ಮಾತ್ರವಲ್ಲ. ಕನ್ನಡಿಯ ಮುಂದೆ ನಿಂತು ಮುಕುಂದನ ಹೆಸರು ಹೇಳಿದೆ. ಮುಖ ನಕ್ಕಿತು. ಎದೆಯಲ್ಲಿ ಏನೂ ಆಗಲಿಲ್ಲ. ಮತ್ತೆ ಹೇಳಿದೆ. ಅತ್ತೆಗೆ ಆಗುತ್ತಿದ್ದುದು ನನಗೆ ಒಂದು ದಿನವೂ ಆಗಿರಲಿಲ್ಲ. ಪಟ ತೆಗೆದು ತೊಳೆದಾಗ ಕೆಳಗೆ ಏನೂ ಇಲ್ಲದಿದ್ದರೆ? ಬೂದು ವೃತ್ತದಂಥದ್ದೊಂದು ಇದ್ದರೆ? ಅದನ್ನು ಅತ್ತೆ ನೋಡಿದರೆ, ಮಗು ನೋಡಿದರೆ? ಅದಕ್ಕಿಂತ ಅವನು ನಗಿಸಿದ ಮುಖವೇ ಇರಲಿ, ಅದರಲ್ಲಿ ಒಬ್ಬನಾದರೂ ಇದ್ದಾನೆ. ಹೀಗೆ ತೀರ್ಮಾನ ಮಾಡಿಕೊಂಡೆ. ಒಪ್ಪಿಗೆ ಒತ್ತುವುದೆಂದು.

ಶುಕ್ರವಾರ ಗಿರಣಿಯ ಇಬ್ಬರು ಆಳುಗಳು ಹಿತ್ತಲಿನ ಸಂಪು ತೊಳೆಯಲು ಬಂದರು. ನಾಲ್ಕು ಮನೆಗಳಿಗೆ ಸೇರಿ ಒಂದೇ ಸಂಪು, ನೆಲಮಟ್ಟದ ಚೌಕ ಬಾಯಿ, ಕಬ್ಬಿಣದ ಮುಚ್ಚಳ. ಮಧ್ಯಾಹ್ನ ಅವರು ಮುಂದಿನ ಬೀದಿಯಲ್ಲಿ ಊಟಕ್ಕೆ ಹೋದರು. ಅತ್ತೆ ಸೊಸೈಟಿಗೆ ಹೋಗಿದ್ದರು. ಗಿರಿಜಮ್ಮನ ಮನೆಗೆ ಬೀಗ. ನಾನು ಬಟ್ಟೆ ಒಗೆಯುವ ಕಲ್ಲಿನ ಬಳಿ ಬಕೆಟ್ಟಿನಲ್ಲಿ ಬಟ್ಟೆ ನೆನೆಹಾಕಿ, ಕೈ ಒರೆಸಿಕೊಂಡು, ಫೋನಿನಲ್ಲಿ ಪತ್ರ ತೆರೆದಿದ್ದೆ. ನಾಲ್ಕು ಪುಟದ ಪತ್ರ. ಕೊನೆಯಲ್ಲಿ ನೀಲಿ ಗುಂಡಿ. ಕೊನೆಯ ಸಾಲು ಓದಿ ತಲೆಯೆತ್ತಿದೆ.

ಚುಕ್ಕಿ ಸಂಪಿನ ಆಚೆ ಬದಿಗೆ ನಿಂತು ನನ್ನ ಕಡೆ ಬೆನ್ನು ಮಾಡಿಕೊಂಡು ಗೋಡೆಯ ಮೇಲಿನ ಓತಿಕ್ಯಾತವನ್ನು ನೋಡುತ್ತಿದ್ದಾಳೆ ಎಂದುಕೊಂಡೆ. ಅಲ್ಲ. ಈಚೆ ಬದಿಗಿದ್ದಳು. ಸಂಪಿನ ಬಾಯಿಗೂ ಅವಳಿಗೂ ನಡುವೆ ಎರಡು ಹೆಜ್ಜೆ. ಮುಚ್ಚಳ ಪಕ್ಕದಲ್ಲಿ ಬಿದ್ದಿತ್ತು. ಆಳುಗಳು ಮುಚ್ಚದೆ ಹೋಗಿದ್ದರು.

"ಚುಕ್ಕೀ, ಅಲ್ಲೇ ನಿಲ್ಲು."

ಅವಳು ತಿರುಗಿದಳು. ನನ್ನ ಮುಖ ನೋಡಿದಳು. ನಕ್ಕಳು. ಭುಜಗಳು ಕಿವಿಯವರೆಗೆ ಏರಿದವು.

ನಾನು ಒಂದು ಹೆಜ್ಜೆ ಇಟ್ಟೆ. ಅವಳು ಹಿಂದಕ್ಕೆ ಒಂದು ಹೆಜ್ಜೆ ಇಟ್ಟಳು.

ನಿಂತೆ. ನಮ್ಮಿಬ್ಬರ ನಡುವೆ ಹದಿನೈದು ಹೆಜ್ಜೆಯಷ್ಟು ದೂರ. ಅವಳ ಹಿಂದೆ ಒಂದು ಹೆಜ್ಜೆ. "ಬೇಡ ಚುಕ್ಕಿ, ಹಿಂದೆ ನೋಡು, ಹಿಂದೆ ನೋಡು!" ಕಿರುಚಿದೆ. ಅಷ್ಟು ಗಟ್ಟಿಯಾಗಿ ನಾನು ಜೀವಮಾನದಲ್ಲಿ ಕೂಗಿರಲಿಲ್ಲ. ಅವಳು ಚಪ್ಪಾಳೆ ತಟ್ಟಿದಳು. "ಹಿಡೀ... ಹಿಡೀ ಅಮ್ಮಾ!" ಕೂಗು ಜೋರಾದಷ್ಟೂ ಆಟ ಜೋರೆಂದು ಅವಳ ಲೆಕ್ಕ. ಕೈಯಲ್ಲಿ ಮುಖ ಮುಚ್ಚಿಕೊಂಡರೆ ಅದು ಕಣ್ಣಾಮುಚ್ಚಾಲೆ, ಬಚ್ಚಿಟ್ಟುಕೊಳ್ಳಲು ಓಡುತ್ತಾಳೆ. ಓಡಿದರೆ ಹಿಂದಕ್ಕೇ ಓಡುತ್ತಾಳೆ. ನಾನು ಸುಮ್ಮನೆ ನಿಂತಿದ್ದರೆ ಇನ್ನೊಂದು ಕ್ಷಣಕ್ಕೆ ಅವಳೇ ಶುರುಮಾಡುತ್ತಾಳೆ, ಒಂದು, ಎರಡು, ಮೂರು ಎಂದು.

"ಒಂದೂ," ಎಂದಳು.

ಫೋನು ಕೈಯಲ್ಲೇ ಇತ್ತು. ಪತ್ರ ಸರಿಸಿದೆ. ನನ್ನ ಪುಟ. ಪಟದ ಮೇಲೆ ಒತ್ತಿ ಹಿಡಿದೆ. 'ಪಟ ತೆಗೆಯುವುದೇ? ನಿಮ್ಮ ಒಂದು ಅರ್ಜಿ ಅಂತಿಮ ಹಂತದಲ್ಲಿದೆ.' ಹೌದು. ಬೆರಳಿನ ತೇವ ಪೂರ್ತಿ ಆರಿರಲಿಲ್ಲ, ತಗಲಲಿಲ್ಲ. ಸೀರೆಗೆ ಒರೆಸಿ ಮತ್ತೆ ಒತ್ತಿದೆ. ಹೌದು. 'ಖಚಿತವೇ? ನಿಮ್ಮ ಪಟಕ್ಕೆ ಮುನ್ನೂರ ಐವತ್ತೊಂಬತ್ತು ದಿನ.' ಹೌದು. ಹೌದು.

"ಎರ್ಡೂ..."

ಫೋನು ಬಿಸಾಡಿ ಬಕೆಟ್ಟಿನಿಂದ ಎರಡೂ ಕೈಯಲ್ಲಿ ಸೋಪಿನ ನೀರು ಎತ್ತಿ ಮುಖಕ್ಕೆ ಎರಚಿಕೊಂಡೆ. ಮತ್ತೆ ಎರಚಿಕೊಂಡೆ. ಉಜ್ಜಿದೆ. ಕಣ್ಣು ಉರಿಯಿತು. ಕೆನ್ನೆಯ ಮೇಲಿನಿಂದ ಬಿಗಿಯಾದದ್ದೇನೋ ಕಳಚಿ ಗಾಳಿ ತಾಗಿತು. ಕೈ ಕೆಳಗಿಳಿಸಿದೆ. ಕಣ್ಣು ಬಿಟ್ಟೆ. ಒಂದು ಹೆಜ್ಜೆಯೂ ಇಡದೆ ಅವಳಿಗೆ ಮುಖ ತೋರಿಸುತ್ತಾ ನಿಂತೆ. ಅದರ ಮೇಲೆ ಏನಿದೆ ಎಂದು ನನಗೆ ಗೊತ್ತಿರಲಿಲ್ಲ.

ಮೂರು ಎನ್ನಲು ತೆರೆದ ಅವಳ ಬಾಯಿ ಹಾಗೇ ನಿಂತಿತು. ಭುಜಗಳು ಇಳಿದವು. ಬೀದಿಯಲ್ಲಿ ಗುರುತಿಲ್ಲದ ನಾಯಿ ಎದುರಾದಾಗ ನೋಡುವಂತೆ ನನ್ನನ್ನು ನೋಡಿದಳು. ಆಮೇಲೆ ಅವಳ ಕಣ್ಣು ನನ್ನ ಕಣ್ಣು ಹೋದ ದಾರಿ ಹಿಡಿದು ನಿಧಾನವಾಗಿ ಹಿಂದೆ ತಿರುಗಿತು. ಕಪ್ಪು ಬಾಯಿ ಕಂಡಿತು. ಅವಳು ನಿಂತಲ್ಲೇ ಕೂತಳು. ಕೂತು, ಅಂಗೈ ಊರಿ, ಅಳುತ್ತಾ ನನ್ನ ಕಡೆಗೆ ಅಂಬೆಗಾಲಿಟ್ಟು ಬರತೊಡಗಿದಳು. ಮೂರು ಹೆಜ್ಜೆಯಷ್ಟು ಬಂದ ಮೇಲೆ ನಾನು ಓಡಿದೆ.

ಮುಚ್ಚಳ ಎಳೆದು ಹಾಕಿದೆ. ಅದು ಇಬ್ಬರು ಎತ್ತುವ ಮುಚ್ಚಳ. ಹೇಗೆ ಎಳೆದೆನೋ ತಿಳಿಯದು. ಆಮೇಲೆ ಅದರ ಮೇಲೆ ಕೂತೆ, ಮಗುವನ್ನು ಹೊಟ್ಟೆಗೆ ಒತ್ತಿಕೊಂಡು. ನನ್ನ ಮುಖ ನಿಲ್ಲಲಿಲ್ಲ. ಹುಬ್ಬು, ತುಟಿ, ಗಲ್ಲ ಒಂದೊಂದೂ ತನ್ನ ಪಾಡಿಗೆ ತಾನು ಎಳೆಯುತ್ತಿತ್ತು. ಹಿಡಿದು ನಿಲ್ಲಿಸಲು ನೋಡಿದೆ, ಆಗಲಿಲ್ಲ. ಗಂಟಲಿನಿಂದ ಬರುತ್ತಿದ್ದ ಸದ್ದು ನನ್ನದೆಂದು ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು.

ಫೋನು ಒಗೆಯುವ ಕಲ್ಲಿನ ಬುಡದಲ್ಲಿ ಬಿದ್ದಲ್ಲೇ ಬೆಳಗುತ್ತಿತ್ತು. ಹೋಗಿ ಎತ್ತಿಕೊಂಡು ಬಂದು ಮತ್ತೆ ಮುಚ್ಚಳದ ಮೇಲೆ ಕೂತೆ. ಬೂದು ವೃತ್ತ, ಮೇಲೆ ಕೆಂಪಕ್ಷರ. ಕಂಪನಿಯಿಂದ ಆಗಲೇ ಎರಡು ಸಾಲು ಬಂದಿತ್ತು. ವಿಷಾದಿಸುತ್ತೇವೆ, ಮುಂದಿನ ಪ್ರಯತ್ನಗಳಿಗೆ ಶುಭ ಹಾರೈಸುತ್ತೇವೆ. ನಾಲ್ಕು ಗಂಟೆಯೂ ಆಗಿರಲಿಲ್ಲ.

ಅತ್ತೆ ಸೊ‌ಸೈಟಿಯ ಚೀಲ ಹಿಡಿದು ಹಿತ್ತಲ ಬಾಗಿಲಿಗೆ ಬಂದರು. "ಏನಾಯ್ತೇ? ರಸ್ತೆವರೆಗೂ ಕೇಳಿಸ್ತಿದೆ..." ಎನ್ನುತ್ತಿದ್ದವರು ನಿಂತರು. ನನ್ನ ಭುಜದ ಕಡೆಗೆ ಬರುತ್ತಿದ್ದ ನೋಟ ಮೇಲೇರಿತು. ಚೀಲ ಕೆಳಗಿಟ್ಟರು. ನಾನು ಮುಚ್ಚಳ ತೋರಿಸಿದೆ. ಮಗುವನ್ನು ತೋರಿಸಿದೆ. ಅವರಿಗೆ ತಿಳಿಯಿತು. ಅವರ ಮುಖ ಬೆಳ್ಳಗಾಯಿತು. ಬಾಗಿಲಿನ ಚೌಕಟ್ಟು ಹಿಡಿದುಕೊಂಡರು.

"ಮತ್ತೆ ಕೆಲಸ?"

"ಹೋಯ್ತು."

"ಮನೆ?"

"ಗೊತ್ತಿಲ್ಲ ಅತ್ತೆ. ಇನ್ನೂ ಎರಡು ತಿಂಗಳಿದೆ. ಎಲ್ಲಿ ಹೋಗ್ತೀವೋ ಗೊತ್ತಿಲ್ಲ."

ಅವರು ಬಂದು ನನ್ನ ಪಕ್ಕದಲ್ಲಿ ಮುಚ್ಚಳದ ಮೇಲೆ ಕೂತರು. ಕಬ್ಬಿಣ ಬಿಸಿಲಿಗೆ ಕಾದಿತ್ತು. ಚುಕ್ಕಿ ಅಳು ನಿಲ್ಲಿಸಿ, ನನ್ನ ಮುಖ ನೋಡಿ, ಮತ್ತೆ ಅಳಲು ಶುರುಮಾಡಿದಳು. ಕೈ ಚಾಚಿ ಅಜ್ಜಿಯ ತೊಡೆಗೆ ಹೋಗಲು ನೋಡಿದಳು. ಅತ್ತೆ ಅವಳನ್ನು ಎತ್ತಿಕೊಳ್ಳಲಿಲ್ಲ. ಅವರು ನನ್ನನ್ನೇ ನೋಡುತ್ತಿದ್ದರು, ಹತ್ತು ತಿಂಗಳಿಂದ ನೋಡದೆ ಬಿಟ್ಟಿದ್ದನ್ನೆಲ್ಲ ಒಟ್ಟಿಗೆ ನೋಡುವವರಂತೆ. ಆಮೇಲೆ ಸೆರಗಿನ ತುದಿಯಿಂದ ನನ್ನ ಕೆನ್ನೆಯ ಸೋಪು ಒರೆಸಿದರು.

"ಆ ಕಡೆ ತಿರುಗಿ ಕೂತ್ಕೋ ಸ್ವಲ್ಪ ಹೊತ್ತು," ಎಂದರು, ಮೆಲ್ಲಗೆ. "ಮಗು ಹೆದರ್ತಿದೆ ಕಣೇ."

ನಾನು ತಿರುಗಲಿಲ್ಲ. ಮಗುವನ್ನು ನನ್ನ ಕಡೆಗೇ ತಿರುಗಿಸಿ ಕೂರಿಸಿಕೊಂಡೆ.

"ಹೆದರಲಿ ಅತ್ತೆ."